ಗದ್ದದ ಪಟ್ಟಿ

ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಗೆಂದು ಡಾಕ್ಟರು ಚನ್ನಬೋರಯ್ಯನಿಗೆ ಮೂಗಿನೊಳಗೆ ಗಾಳಿ ಊದುವ ಮಿಷನ್ ಕೊಟ್ಟಿದ್ದರು. ಮಲಗಿದ ಮೇಲೆ ಬಾಯಿ ತೆರೆದುಕೊಂಡು ಗಾಳಿಯೆಲ್ಲ ಸೋರಿಹೋಗುತ್ತಿತ್ತು. ಗದ್ದ ಎತ್ತಿ ಕಟ್ಟಲು ಒಂದು ಬಟ್ಟೆಪಟ್ಟಿಯನ್ನೂ ಕೊಟ್ಟರು. ಅವನು ಅದನ್ನು ಮುಟ್ಟಲಿಲ್ಲ.

"ಕಟ್ಕೊಳ್ಳಿ ಅಂದ್ರೆ. ನಿಮ್ಮ ಉಸಿರು ಕಾಯ್ತಾ ನಾನು ನಿದ್ದೆ ಕಂಡು ತಿಂಗ್ಳಾಯ್ತು" ಎಂದಳು ಹೆಂಡತಿ.

"ಕೇರೀಲಿ ಸತ್ತೋರಿಗೆಲ್ಲ ಗದ್ದ ಕಟ್ಟಿರೋನು ನಾನು ಕಣೇ. ಬದುಕಿರೋರಿಗೆ ಕಟ್ಟಬಾರ್ದು."

"ಕಟ್ಟಿದ್ರೆ ಏನಾಯ್ತದೆ?"

"ಹೆಣ ಕಂಡಂಗಾಯ್ತದೆ."

ಅವಳು ಪಟ್ಟಿಯನ್ನು ತನ್ನ ಗದ್ದಕ್ಕೇ ಬಿಗಿದು, ನೆತ್ತಿಯ ಮೇಲೆ ಗಂಟು ಹಾಕಿ, ಚಾಪೆಯ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದಳು.

"ಬಿಚ್ಚೇ ಅದನ್ನ! ಏಳೇ!"

"ನೀವು ಕಟ್ಕೊಳ್ಳಿ, ಏಳ್ತೀನಿ" ಎಂದಳು, ಕಚ್ಚಿದ ಹಲ್ಲಿನಲ್ಲೇ.

ಅವನು ಅವಳ ಗಂಟು ಬಿಚ್ಚಿ, ಪಟ್ಟಿಯನ್ನು ತನ್ನ ಗದ್ದಕ್ಕೆ ಕಟ್ಟಿಕೊಂಡ.