ಆರಿಸಿ ತಂದ ಮಣ್ಣು

ಮಣ್ಣು ಪರೀಕ್ಷೆಯ ಕೋಣೆಯಲ್ಲಿ ಗಾಜಿನ ನಳಿಕೆ ನೀಲಿಯಾಯಿತು. ಅಂತಿಂಥ ನೀಲಿಯಲ್ಲ, ಆಕಾಶವೇ ನಾಚಿ ಮೋಡದ ಮರೆಗೆ ಓಡುವಂಥ ನೀಲಿ! ನೀಲಿ ಗಾಢವಾದಷ್ಟೂ ಮಣ್ಣಿನಲ್ಲಿ ರಂಜಕ ಹೆಚ್ಚು ಎಂದು ಕೇಳಿದ್ದೇ ತಡ, ಮಾವನ ಮೀಸೆಯ ತುದಿಗಳು ಎರಡೂ ಗೋಡೆ ಮುಟ್ಟಿದವು. "ನೋಡಿದ್ಯೇನಮ್ಮ ಸೊಸೆ? ನಮ್ಮ ಹೊಲಕ್ಕೆ ಗೊಬ್ಬರ ಹಾಕೋದಂದ್ರೆ ಸಮುದ್ರಕ್ಕೆ ಉಪ್ಪು ಸುರಿದ ಹಾಗೆ!"

ಪರೀಕ್ಷೆ ಮಾಡುವಾಕೆ ಉಳಿದ ಮಣ್ಣಿನಿಂದ ಪುಕ್ಕವೊಂದನ್ನು ಎತ್ತಿ ಹಿಡಿದಳು. "ಯಜಮಾನ್ರೇ, ಇದೂ ಹೊಲದಲ್ಲೇ ಬೆಳೀತಾ?"

"ಕೋಳಿಗೂಡಿನ ಹಿಂದಿನ ಮಣ್ಣಮ್ಮ. ನಾಲ್ಕು ಜನರ ಮುಂದೆ ಬರೋದಲ್ವಾ? ಚೆನ್ನಾಗಿರೋದನ್ನೇ ಆರಿಸಿ ತಂದೆ."

"ಅಯ್ಯೋ! ಜ್ವರ ಬಂದೋನನ್ನ ಮನೇಲಿ ಮಲಗಿಸಿ, ಪೈಲ್ವಾನನ್ನ ಡಾಕ್ಟರ್ ಹತ್ರ ಕಳಿಸಿದ್ರಾ? ಇದನ್ನ ನಂಬಿ ಗೊಬ್ಬರ ಹಾಕದೆ ಬಿಟ್ರೆ ಮೆಕ್ಕೆಜೋಳ ಈ ಸಲಾನೂ ಮೊಣಕಾಲು ದಾಟಲ್ಲ."

ಆಗ ಸೊಸೆ ಬುತ್ತಿಚೀಲದಿಂದ ಮೆಲ್ಲಗೆ ಇನ್ನೊಂದು ಪೊಟ್ಟಣ ತೆಗೆದಳು. ಹೋದ ಸಲ ಪೈರು ಸೊರಗಿ ಎಲೆ ನೇರಳೆಗೆ ತಿರುಗಿದ್ದ ಕಡೆಯೆಲ್ಲ ಅಗೆದು, ಬೆರೆಸಿ, ಮಾವನಿಗೆ ತಿಳಿಯದಂತೆ ತಂದ ಮಣ್ಣದು. ಅದರ ನಳಿಕೆ ನೀಲಿಯಾಗಲೇ ಇಲ್ಲ, ತಿಳಿನೀರಿನಂತೆ ನಿಂತಿತು. "ಹೊಲ ಹಸಿದಿದೆ. ಬಿತ್ತುವಾಗಲೇ ಬೀಜದ ಪಕ್ಕದಲ್ಲಿ ರಂಜಕದ ಗೊಬ್ಬರ ಕೊಡಿ," ಎಂದಳು ಪರೀಕ್ಷೆ ಮಾಡುವಾಕೆ.

ಇನ್ನೇನು ಸಿಡಿಲು ಬಡಿಯುತ್ತದೆಂದು ಸೊಸೆ ತಲೆ ತಗ್ಗಿಸಿದಳು. ಮೂರು ಲೋಕದಲ್ಲೂ ಯಾರಿಗೂ ತಲೆಬಾಗದ ಮಾವ, ಬಣ್ಣವಿಲ್ಲದ ಆ ನಳಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಗೋಡೆ ಮುಟ್ಟಿದ್ದ ಮೀಸೆ ಕೆಳಗಿಳಿಯಿತು. "ನೀನು ಕದ್ದು ತಂದಿದ್ದಕ್ಕೆ ಬೆಳೆ ಉಳೀತು, ತಾಯಿ. ಮುಂದಿನ ಸಲ ಎಲ್ಲಿ ಅಗೀಬೇಕು ಅಂತ ನೀನು ತೋರಿಸು. ಬುಟ್ಟಿ ನಾನು ಹೊರ್ತೀನಿ."