ಗೋಡೆ ಬುಡದ ರೊಟ್ಟಿ

ಎರ್ರಿಯಪ್ಪ ಇವತ್ತೂ ಇಬ್ಬರಿಗೆ ಊಟ ಬಡಿಸಿದ.

ಪಂಪಾವತಿ ತನ್ನ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಎಡಗೈಯಲ್ಲಿ ಮೌಸ್ ಒತ್ತಿ, ಕ್ಯಾಮೆರಾವನ್ನು ಅವನ ಕಡೆ ತಿರುಗಿಸಿದಳು. ಮನೆಯ ಕಂಪ್ಯೂಟರಿನ ಪರದೆಯ ಮೇಲೆ ಕಂಪ್ಲಿಯ ಭತ್ತದ ಗೋದಾಮಿನ ಹಿತ್ತಲು. ಮುದಿ ಕಾವಲುಗಾರ ದಿನದಂತೆ ಗೋಡೆಗೆ ಮುಖ ಮಾಡಿ ಕೂತಿದ್ದ. ಬುತ್ತಿ ಬಿಚ್ಚಿ ಒಂದು ಜೋಳದ ರೊಟ್ಟಿಯನ್ನು ತನ್ನ ಮುಂದಿಟ್ಟುಕೊಂಡ. ಇನ್ನೊಂದರ ಮೇಲೆ ಪುಂಡಿಪಲ್ಯ ಹಾಕಿ, ಕಾಗದದ ಸಮೇತ ಗೋಡೆಯ ಬುಡಕ್ಕೆ ಸರಿಸಿದ.

ಆ ಜಾಗ ಮಾತ್ರ ಪರದೆಯಲ್ಲಿ ಕಾಣದು. ಕ್ಯಾಮೆರಾ ಇದ್ದದ್ದೇ ಆ ಗೋಡೆಯ ನೆತ್ತಿಯ ಮೇಲೆ. ದೀಪದ ಬುಡಕ್ಕೆ ಕತ್ತಲೆ ಇದ್ದ ಹಾಗೆ, ಎಷ್ಟು ಬಾಗಿಸಿದರೂ ಅದರ ಬುಡ ಅದಕ್ಕೆ ಕಾಣುತ್ತಿರಲಿಲ್ಲ.

ಮಾತು ಶುರುವಾಯಿತು. ದನಿ ಕೇಳಿಸುವ ಕ್ಯಾಮೆರಾ ಅಲ್ಲ ಅದು. ತುಟಿ ಆಡುವುದು, ಕೈ ತಿರುಗುವುದು, ನಡುವೆ ಒಂದು ನಗು, ಇಷ್ಟೇ ಕಂಡದ್ದು. ಎರ್ರಿಯಪ್ಪನ ಮುಖ ತುಸು ಮೇಲಕ್ಕಿತ್ತು. ಅಂದರೆ ಎದುರಿನವನು ಕೂತಿಲ್ಲ, ನಿಂತಿದ್ದಾನೆ. ಯಾವ ಗಳಿಗೆಯಲ್ಲಾದರೂ ಓಡಲು ತಯಾರಾಗಿ.

ಹೊಸಪೇಟೆಯಲ್ಲಿ ಕಚೇರಿ ಇದ್ದಾಗ ಹೆಂಗಸರೆಲ್ಲ ಸಾಲಾಗಿ ಕೂತು ಗೋದಾಮುಗಳ ಪರದೆ ಕಾಯುತ್ತಿದ್ದರು. ಒಬ್ಬಳು ಮಿರ್ಚಿ ತರಿಸಿದರೆ ಎಲ್ಲರ ಬಾಯೂ ಉರಿಯುತ್ತಿತ್ತು. ಬಾಡಿಗೆ ಉಳಿಸಲು ಕಂಪನಿ ಕಚೇರಿ ಮುಚ್ಚಿತು. ಕಂಪ್ಯೂಟರುಗಳು ಒಬ್ಬೊಬ್ಬರ ಮನೆ ಸೇರಿದವು. ಗಂಡ ನಾಗಭೂಷಣ ನಸುಕಿಗೇ ಸಂಡೂರಿನ ಗಣಿಗೆ ಹೋದರೆ ದೀಪ ಹಚ್ಚಿದ ಮೇಲೆ ಮೈಯೆಲ್ಲ ಕೆಂಧೂಳು ಮಾಡಿಕೊಂಡು ಬಂದು, ಉಂಡು, ಗೋಡೆ ಕಡೆ ಹೊರಳುತ್ತಾನೆ. ಎರ್ರಿಯಪ್ಪ ಬುತ್ತಿ ಬಿಚ್ಚಿದಾಗಲೇ ಪಂಪಾವತಿಯೂ ತಟ್ಟೆ ಹಾಕಿಕೊಳ್ಳುವುದು. ಮುದುಕನ ಮೇಲೆ ಅನುಮಾನ, ಕಣ್ಣು ತೆಗೆಯುವ ಹಾಗಿಲ್ಲವಲ್ಲ.

"ಏನಬೇ ಪಂಪಕ್ಕ," ಪಕ್ಕದ ಮನೆಯ ಹೊಳೆಮ್ಮ ಒಮ್ಮೆ ಕಿಟಕಿಯಿಂದಲೇ ಕಿಸಕ್ಕೆಂದಿದ್ದಳು. "ಅಣ್ಣ ಡ್ಯೂಟಿಗೆ ಹೋದ ಮ್ಯಾಲ ಯಾರಿಗೆ ಉಣ್ಣಾಕ ಇಟ್ಟಿ? 'ಸಾವಕಾಶ ಉಣ್ಣು, ನೆತ್ತಿಗೆ ಹತ್ತೀತು' ಅಂದದ್ದು ಕೇಳಿಸ್ತು."

"ಟಿವಿ ಅದು," ಎಂದು ಪಂಪಾವತಿ ಕಿಟಕಿ ಮುಚ್ಚಿದ್ದಳು.

ಪಕ್ಕದ ಗೋದಾಮಿನಲ್ಲಿ ಮೂಟೆ ಕಳುವಾದ ಮೇಲೆ ಕಂಪನಿಯ ಹುಕುಂ ಬಿಗಿಯಾಗಿತ್ತು: ಹೊರಗಿನವರನ್ನು ಒಳಗೆ ಬಿಟ್ಟ ಕಾವಲುಗಾರನಿಗೆ ಅವತ್ತೇ ಕೆಲಸದಿಂದ ಮುಕ್ತಿ. ಪಂಪಾವತಿ ತಾನು ಕಂಡದ್ದನ್ನು ಮೇಲ್ವಿಚಾರಕ ಗಿರೀಶನಿಗೆ ಹೇಳಿದ್ದಳು. ಅವನು ಹಳೆಯ ದೃಶ್ಯಗಳನ್ನೆಲ್ಲ ತೆಗೆದು ನೋಡಿ, ಸಂಜೆ ಫೋನು ಮಾಡಿದ.

"ಒಂದು ಮಾತು ಅಕ್ಕಾರ. ನಿಮ್ಮ ರಜಾ ದಿನ ಕನಕರಾಜ್ ಕುಂದ್ರತಾನಲ್ಲ, ಅವತ್ತು ಮುದುಕ ಬ್ಯಾವಿನ ಗಿಡದ ಬುಡಕ ಒಬ್ಬನ ಉಣ್ತಾನ. ಆ ಕಳ್ಳ ಬರೋದು ನಿಮ್ಮ ಡ್ಯೂಟಿ ಇದ್ದಾಗಷ್ಟ. ನಿಮ್ಮ ಡ್ಯೂಟಿ ಅವ್ರಿಗೆ ಹೆಂಗ ಗೊತ್ತಾಗ್ತದ?"

"ಕನಕರಾಜ್ ಕ್ಯಾಮೆರಾ ಅಳ್ಳಾಡಿಸಂಗನ ಇಲ್ಲ, ಮೊಬೈಲ್ ನೋಡ್ಕೋತ ಕುಂದ್ರತಾನ. ಅಂವನ್ನ ಬಿಟ್ಟು ನನ್ನ ಮ್ಯಾಲ ಅನುಮಾನ ಏನ್ರಿ?"

"ನಾ ಅನ್ನಂಗಿಲ್ಲ, ಮ್ಯಾಲಿನವ್ರು ಅಂತಾರ. ಅಂವ ಯಾರು ಅಂತ ಹಿಡಕೊಡ್ರಿ. ಇಲ್ಲಂದ್ರ ನೀವೂ ಮನಿಗೆ, ಆ ಮುದುಕನೂ ಮನಿಗೆ."

"ನನ್ನ ಆಗ್ಲೇ ಮನಿಗೆ ಕಳಿಸೀರಲ್ರಿ," ಎಂದಳು ಪಂಪಾವತಿ. ಗಿರೀಶ ನಗಲಿಲ್ಲ.

ರಜೆಯ ದಿನ ಆಕೆ ಕಂಪ್ಲಿ ಬಸ್ಸು ಹತ್ತಿದಳು. ಕಬ್ಬಿನ ಲಾರಿಗಳ ಹಿಂದೆ ತೆವಳುತ್ತ ಬಸ್ಸು ತಲುಪುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಗೋದಾಮಿನ ಗೇಟಿನ ಹತ್ತಿರ ಗಿರೀಶನಿಗೆ ಫೋನು ಹಚ್ಚಿ, ಕಡಿಯದೆ ಚೀಲದೊಳಗಿಟ್ಟುಕೊಂಡಳು. ಮುದುಕ ಬಾಯಿ ಬಿಟ್ಟರೆ ಗಿರೀಶನ ಕಿವಿಗೂ ಬೀಳಲಿ.

"ಆಫೀಸಿಂದ ಬಂದೀನಿ ಅಜ್ಜಾರ. ಹಿಂದಿನ ಗೋಡಿ ನೋಡಬೇಕು."

"ಕಾರ್ಡ್ ತೋರಸ್ರಿ. ಹಂಗ ಯಾರನ್ನೂ ಬಿಡಂಗಿಲ್ಲ."

ಕಾರ್ಡನ್ನು ತಿರುವಿ ಮುರುವಿ ನೋಡಿದ ಮೇಲೆಯೇ ಎರ್ರಿಯಪ್ಪ ಗೇಟು ಸರಿಸಿದ್ದು. ಎಂಥ ನಾಟಕ, ಅಂದುಕೊಂಡಳು ಪಂಪಾವತಿ.

ಹಿತ್ತಲ ಗೋಡೆಯಲ್ಲಿ ಬೆಕ್ಕು ನುಸುಳುವಷ್ಟು ಕಿಂಡಿಯೂ ಇರಲಿಲ್ಲ. ಬುಡದಲ್ಲೊಂದು ನಾಯಿ ಮಲಗಿತ್ತು. ಅದರ ಪಕ್ಕದ ಕಲ್ಲಿನ ಮೇಲೆ ಆಕೆ ಕೂತಳು. ಇಲ್ಲಿ ಕೂತವರನ್ನು ಲೋಕದಲ್ಲಿ ಯಾರೂ ಕಾಣಲಾರರು ಎನ್ನಿಸಿತು.

ಊಟದ ಹೊತ್ತು. ಎರ್ರಿಯಪ್ಪ ಎದುರಿಗೆ ಕೂತು ಬುತ್ತಿ ಬಿಚ್ಚಿದ. ಎರಡನೆಯ ರೊಟ್ಟಿಯ ಮೇಲೆ ಪಲ್ಯ ಹಾಕಿ, ಒಂದು ಗಳಿಗೆ ತಡೆದು, ಆಕೆಯ ಮುಂದೆ ಸರಿಸಿದ.

"ತಗೋರಿ ಯವ್ವಾ. ದಿನಾ ನನ್ನ ಜೋಡಿ ಉಣ್ಣಾಕ ಬರೋರದು ಇದು. ಇವತ್ತು ಅವ್ರು ಬಂದಿಲ್ಲ."

ಪಂಪಾವತಿ ಚೀಲದ ಬಾಯಿಯನ್ನು ಮೆಲ್ಲಗೆ ಅಗಲಿಸಿದಳು. "ಯಾರವ್ರು?"

"ಹೆಸರು ಗೊತ್ತಿಲ್ರಿ. ಮಾತೂ ಆಡಂಗಿಲ್ಲ, ನಂದ ಎಲ್ಲಾ ವಟವಟ. ಅವ್ರ ಪಾಲಿನ ರೊಟ್ಟಿ ಕಡೀಕ ಈ ನಾಯಿ ಹೊಟ್ಟಿಗೇ ಅನ್ರಿ." ನಕ್ಕ. ಆಮೇಲೆ ದನಿ ತಗ್ಗಿತು. "ಆದ್ರ ನನ್ನ ಹೆಂಡ್ತಿ ಹೋದ ಮ್ಯಾಲ, ನಾ ಉಂಡ್ನೋ ಇಲ್ಲೋ ಅಂತ ವಿಚಾರ ಮಾಡಿದೋರು ಅವ್ರೊಬ್ರ. ಗಂಡಸೋ ಹೆಂಗಸೋ, ಅವ್ರ ಮಾರಿ ಸೈತ ನೋಡಿಲ್ಲ ನಾ."

"ಮಾರೀನ ನೋಡಿಲ್ಲ ಅಂತೀರಿ. ಮತ್ತ ಇವತ್ತು ಬಂದಿಲ್ಲ ಅಂತ ಹೆಂಗ ಗೊತ್ತಾತು?"

ಎರ್ರಿಯಪ್ಪ ರೊಟ್ಟಿ ಮುರಿಯುತ್ತ, ಆಕೆಯ ನೆತ್ತಿಯ ಮೇಲಿದ್ದ ಕ್ಯಾಮೆರಾದ ಕಡೆ ಗದ್ದ ಎತ್ತಿದ.

"ಮುಂಜಾನಿಂದ ಒಮ್ಮೆನೂ ನನ್ನ ಕಡಿ ಗೋಣು ತಿರುಗಿಸಿಲ್ಲ ನೋಡ್ರಿ."