ಏನ್ರೀ

ಇಷ್ಟು ದಿನ ‘ಲೇ ಬಾಳ್ಯಾ’ ಎನ್ನುತ್ತಿದ್ದವಳು ಇವತ್ತು ‘ಏನ್ರೀ’ ಎಂದಳಲ್ಲ, ಅದು ಗೇಲಿಯೋ, ಸಿಟ್ಟೋ? ಕುದುರೆಗೆ ಜೀನು ಬಿಗಿಯುತ್ತಿದ್ದ ಬಾಳಪ್ಪ ತಿರುಗಿ ನೋಡಿದ. ದೇಸಾಯರ ಮಗಳಿಗೆ ಕುದುರೆ ಸವಾರಿ ಕಲಿಸಿದ ಆಳು ಅವನು. ಅವಳ ಮೇಲೆ ಮನಸ್ಸಿಟ್ಟು ಬಾಯಿ ಹೊಲಿದುಕೊಂಡವನು.

“ನನ್ನ ನೋಡಾಕ ಗಂಡಿನವರು ಬರಾಕತ್ಯಾರ. ಏನ್ರೀ, ಏನ್ ಮಾಡೂಣು?”

“ಆಳಿಗೆ ಯಾಕ ಚಾಷ್ಟಿ ಮಾಡ್ತೀರಿ, ಅವ್ವಾರ? ಯಾರರ ಕೇಳಿದ್ರ ನಕ್ಕಾರು.”

“ನಗಲಿ ಬಿಡ್ರಿ. ನೀವು ಹೇಳ್ರಿ.”

“ದೊಡ್ಡವರು ಹೇಳಿದಂಗ ಮಾಡ್ರಿ.”

ಅವಳು ಅವನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಸವಾರಿ ಬೇಡವೆಂದು ವಾಡೆಯೊಳಗೆ ಹೋದಳು.

ತಿಂಗಳೊಳಗೆ ಮದುವೆಯಾಗಿ ಅವಳ ಮೇಣೆ ಊರು ದಾಟಿತು. ಆ ದಿನ ಬಾಳಪ್ಪ ಮನೆಗೆ ಬಂದು ಕುಳಿತರೂ ಅವಳ ಆ ‘ಏನ್ರೀ’ ಅವನನ್ನು ಬಿಡಲಿಲ್ಲ. ಎತ್ತನ್ನೂ ಮೈದುನನನ್ನೂ ಒಂದೇ ಬಾಯಲ್ಲಿ ಬೈಯುವ ಅತ್ತಿಗೆ, ಹೊಲದಿಂದ ಬಂದ ಅಣ್ಣನನ್ನು ಮೆಲ್ಲಗೆ ಕರೆದಳು: “ಏನ್ರೀ, ಉಣ್ಣಾಕ ಬರ್ರಿ.”

“ವೈನಿ, ಊರಿಗೆಲ್ಲ ‘ಲೇ’ ಅಂತೀ, ಅಣ್ಣಗ ಮಾತ್ರ ಯಾಕ ‘ರೀ’?”

ಅತ್ತಿಗೆ ನಕ್ಕಳು. “ಹುಚ್ಚಪ್ಪಾ, ಗಂಡಗ ಯಾರರ ‘ಲೇ’ ಅಂತಾರೇನು?”

‘ಏನ್ರೀ’ ಎಂದ ದೇಸಾಯರ ಮಗಳಿಗೆ ಅವನು ಒಂದು ಸಲವೂ ‘ರೀ’ ಬಿಟ್ಟು ‘ಬಾ’ ಎಂದಿರಲಿಲ್ಲ.